ಓದುಗರ ಪ್ರಶ್ನೆ: ವಾಗ್ದಾನದ ಚೀಟಿ ಬಂದ ವರ್ಷವೇ ಬೋರು ಬತ್ತಿದರೆ ಏನೆಂದು ತಿಳಿಯಬೇಕು?

ಪ್ರಶ್ನೆ: ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ, ಹೊಸ ವರ್ಷಕ್ಕೆ ದೇವರ ಮಾತೆಂದು ಸತ್ಯವೇದದ ಒಂದೊಂದು ವಚನ ಬರೆದಿಟ್ಟ ಚೀಟಿಗಳಲ್ಲಿ, ನಾನು ಎತ್ತಿದ ವಾಗ್ದಾನದ ಚೀಟಿಯಲ್ಲಿ ಯೆರೆಮೀಯ 29:11 ಬಂದಿತ್ತು; ದೇವರು ನಮಗಾಗಿ ಹಿತದ ಆಲೋಚನೆಯನ್ನೇ ಮಾಡಿದ್ದಾನೆಂಬ ವಚನ ಅದು. ಆ ವರ್ಷವೇ ನಮ್ಮ ಬೋರು ಬತ್ತಿತು. ಸಾಲ ಮಾಡಿ ಇನ್ನೊಂದು ಕೊರೆಸಿದರೆ ಬರೀ ಧೂಳು ಬಂತು. ಇದ್ದ ನೀರಿನಲ್ಲಿ ಬೆಳೆದ ಟೊಮೆಟೊಗೆ ಕೀಳುವ ಕೂಲಿಯೂ ಹುಟ್ಟಲಿಲ್ಲ. ಸಂಘದ ಸಾಲದ ಕಂತು ನಿಂತಿದೆ. ನಂಬಿಕೆ ಸಾಲದ್ದರಿಂದಲೇ ಹೀಗಾಯಿತೆಂದು ಕೆಲವರು ಹೇಳುತ್ತಾರೆ. ದೇವರ ಮಾತು ಸುಳ್ಳಾಯಿತೆ, ಇಲ್ಲವೆ ತಪ್ಪು ನನ್ನದೇ?
— ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಸಹೋದರಿ

ಉತ್ತರ: ಅಮ್ಮಾ, ದೇವರ ಮಾತು ಸುಳ್ಳಾಗಿಲ್ಲ, ನಿಮ್ಮ ನಂಬಿಕೆ ಸಾಲದೆ ಬೋರು ಬತ್ತಿದ್ದೂ ಅಲ್ಲ. ಆ ಒಂದು ವಚನವನ್ನು ಅದು ಇದ್ದ ಯೆರೆಮೀಯ ಪ್ರವಾದಿಯ ಪತ್ರದಿಂದ ಕತ್ತರಿಸಿ ನಿಮ್ಮ ಕೈಗೆ ಕೊಟ್ಟವರು, ಪತ್ರದ ಉಳಿದ ಭಾಗವನ್ನು ನಿಮಗೆ ಓದಿ ಹೇಳಲಿಲ್ಲ. ಆ ಕೊರತೆ ನಮ್ಮಂಥ ಬೋಧಕರದು. ಇದೇ ಪ್ರಶ್ನೆಯನ್ನು ಗೂಡಿನ ಬೆಲೆ ಬಿದ್ದಾಗ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಂದಲೂ, ಮಗನಿಗೆ ಕೆಲಸ ಹೋದಾಗ ಮಾಲೂರಿನ ತಾಯಂದಿರಿಂದಲೂ ಕೇಳಿದ್ದೇನೆ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ವಚನದಲ್ಲಿರುವ ‘ನಿಮ್ಮ’ ಎಂಬ ಪದವನ್ನು ಗಮನಿಸಿ. ನಿಮ್ಮ ವಿಷಯದಲ್ಲಿ ನಾನು ಮಾಡಿಕೊಂಡಿರುವ ಆಲೋಚನೆಗಳನ್ನು ನಾನೇ ಬಲ್ಲೆನು, ಅವು ಹಿತದ ಆಲೋಚನೆಗಳೇ ಹೊರತು ಅಹಿತದವಲ್ಲ ಎಂದು ದೇವರು ಅಲ್ಲಿ ಹೇಳುತ್ತಾನೆ. ನಮ್ಮ ಮಾತಿನಲ್ಲಿ ಒಬ್ಬರನ್ನೇ ಗೌರವದಿಂದ ಕರೆಯುವಾಗಲೂ ‘ನೀವು’ ಎನ್ನುವುದರಿಂದ, ಆ ಚೀಟಿಯನ್ನು ಓದಿದೊಡನೆ ದೇವರು ನನ್ನೊಬ್ಬಳ ಸಂಗಡ ಮರ್ಯಾದೆಯಿಂದ ಮಾತನಾಡುತ್ತಿದ್ದಾನೆಂದು ಅನ್ನಿಸುವುದು ಸಹಜ. ಆದರೆ ನಮ್ಮ ಕನ್ನಡ ಸತ್ಯವೇದದಲ್ಲಿ ದೇವರು ಅಬ್ರಹಾಮನಿಗೂ ಮೋಶೆಗೂ ‘ನೀನು’ ಎಂದೇ ಹೇಳುತ್ತಾನೆ, ಅವರೂ ದೇವರನ್ನು ‘ನೀನು’ ಎಂದೇ ಕರೆಯುತ್ತಾರೆ. ಹಾಗಾಗಿ ದೇವರ ಬಾಯಲ್ಲಿ ‘ನಿಮ್ಮ’ ಎಂದು ಬಂದರೆ ಎದುರಿಗೆ ಅನೇಕರಿದ್ದಾರೆಂದೇ ಅರ್ಥ. ಮೂಲದ ಹೀಬ್ರೂ ಭಾಷೆಯಲ್ಲಿಯೂ ಅದು ಬಹುವಚನವೇ. ಒಂದು ಮನೆಯ ಒಂದು ವರ್ಷದ ಲೆಕ್ಕಕ್ಕೆ ಕೊಟ್ಟ ಮಾತು ಅದಲ್ಲ. ಒಂದು ಇಡೀ ಜನಾಂಗಕ್ಕೆ, ಅದೂ ನೆಲೆ ತಪ್ಪಿಹೋದ ಜನಾಂಗಕ್ಕೆ, ಕೊಟ್ಟ ಮಾತು ಅದು.

ಆ ಜನರು ಯಾರೆಂಬುದನ್ನು ಅದೇ ಅಧ್ಯಾಯದ ಆರಂಭವೇ ತಿಳಿಸುತ್ತದೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸ ಯೆಕೊನ್ಯನನ್ನೂ ಅವನ ತಾಯಿಯನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆಹಿಡಿದು ಒಯ್ದನು. ಊರಿನಲ್ಲೇ ಉಳಿದಿದ್ದ ಯೆರೆಮೀಯನು ಆ ಸೆರೆಯವರಿಗೆ ಬರೆದ ಕಾಗದವೇ 29ನೆಯ ಅಧ್ಯಾಯ. ಆ ದಾರಿ ಎಷ್ಟು ದೂರವಿತ್ತೆಂದರೆ, ಮುಂದೊಂದು ಕಾಲದಲ್ಲಿ ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಬಂದು ಸೇರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದೂರದಲ್ಲಿ ಮನೆ, ಹೊಲ, ದೇವಾಲಯ ಎಲ್ಲವನ್ನೂ ಬಿಟ್ಟು ಕುಳಿತವರ ಕೈಗೆ ತಲುಪಿದ ಕಾಗದದಲ್ಲಿ, ನಿಮ್ಮ ಚೀಟಿಯ ವಚನಕ್ಕಿಂತ ಒಂದೇ ವಚನ ಮೊದಲು, ಅಂದರೆ 10ನೆಯ ವಚನದಲ್ಲಿ, 70 ವರ್ಷ ಎಂಬ ಮಾತಿದೆ. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಎಂದು ದೇವರು ಹೇಳಿದನು. ಕಾಗದ ಓದಿಸಿಕೊಂಡು ಕೇಳಿದ ನಲವತ್ತು ವಯಸ್ಸಿನ ತಾಯಿಗೆ ಅದರ ಅರ್ಥ ಕೂಡಲೇ ಆಗಿರಬೇಕು: ತಾನು ಆ ಊರನ್ನು ಮತ್ತೆ ಕಾಣುವುದಿಲ್ಲ, ಮೊಮ್ಮಕ್ಕಳು ಕಾಣುತ್ತಾರೆ. ಹಿತದ ಆಲೋಚನೆ ಎಂಬ ಮಾತನ್ನು ಆಕೆ ಕೇಳಿದ್ದು ಈ ತಿಳಿವಳಿಕೆಯೊಂದಿಗೇ.

ಇಷ್ಟು ಕಹಿಯಾದ ಕಾಲಾವಧಿಯನ್ನು ಯೆರೆಮೀಯನು ಏಕೆ ಬಿಚ್ಚಿ ಹೇಳಬೇಕಾಯಿತು ಎಂಬುದಕ್ಕೆ ಹಿಂದಿನ ಅಧ್ಯಾಯವನ್ನು ನೋಡಬೇಕು. ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಜನರೆಲ್ಲರ ಮುಂದೆ, ಎರಡೇ ವರ್ಷದಲ್ಲಿ ಎಲ್ಲವೂ ಹಿಂದಕ್ಕೆ ಬರುತ್ತದೆಂದು ಸಾರಿ, ಬಾಬೆಲಿಗೆ ಅಧೀನರಾಗಬೇಕೆಂಬುದಕ್ಕೆ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದುಹಾಕಿದನು. ಜನರಿಗೆ ಯಾರ ಮಾತು ಹಿತವೆನಿಸಿತೆಂದು ಬೇರೆ ಹೇಳಬೇಕಿಲ್ಲ. ಯೆರೆಮೀಯನೂ ಆ ಮಾತಿಗೆ ‘ಆಮೆನ್, ಯೆಹೋವನು ಹಾಗೆಯೇ ಮಾಡಲಿ’ ಎಂದನು. ಅವನಿಗೂ ಅದೇ ಆಸೆಯಿತ್ತು. ಆದರೆ ಆಸೆಯನ್ನು ದೇವರ ಮಾತೆಂದು ಹೇಳಲು ಅವನು ಒಪ್ಪಲಿಲ್ಲ. ನಮ್ಮ ಜಿಲ್ಲೆಯವರಿಗೆ ಇದು ದೂರದ ಕಥೆಯಲ್ಲ. ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂದೋ ನಾಳೆಯೋ ಮತ್ತೆ ತೆರೆಯುತ್ತದೆಂಬ ಮಾತನ್ನು ನಂಬಿ ಕುಳಿತ ಕುಟುಂಬಗಳನ್ನೂ, ಕಣ್ಣೀರು ಒರೆಸಿಕೊಂಡು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿ ಮಕ್ಕಳನ್ನು ಓದಿಸಿದ ಕುಟುಂಬಗಳನ್ನೂ ನಾವು ನೋಡಿದ್ದೇವೆ. ಎರಡನೆಯವರ ನಂಬಿಕೆ ಕಡಿಮೆಯದೆಂದು ನನ್ನಿಂದ ಹೇಳಲಾಗದು. ಇಂತಿಷ್ಟು ಕಾಣಿಕೆ ಕಟ್ಟಿದರೆ ಎರಡು ತಿಂಗಳಲ್ಲಿ ಸಾಲ ತೀರುತ್ತದೆಂದು ಯಾರಾದರೂ ನಿಮಗೆ ಹೇಳಿದ್ದರೆ, ದಯವಿಟ್ಟು ಹನನ್ಯನನ್ನು ನೆನಪಿಸಿಕೊಳ್ಳಿ.

ಹಾಗಾದರೆ ಆ 70 ವರ್ಷ ಏನು ಮಾಡಬೇಕು? ಕಾಗದದ 5ರಿಂದ 7ರವರೆಗಿನ ವಚನಗಳು ಅದನ್ನೇ ಹೇಳುತ್ತವೆ: ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ, ಅದು ಕ್ಷೇಮವಾಗಿದ್ದರೆ ನೀವೂ ಕ್ಷೇಮವಾಗಿರುವಿರಿ. 7ನೆಯ ವಚನದಲ್ಲಿ ಮೂರು ಬಾರಿ ಬರುವ ‘ಶಾಲೋಮ್’ ಎಂಬ ಹೀಬ್ರೂ ಪದವೇ 11ನೆಯ ವಚನದಲ್ಲಿ ಹಿತದ ಆಲೋಚನೆ ಎಂದಿರುವಲ್ಲಿಯೂ ಇದೆ. ದೇವರು ತನ್ನ ಜನರಿಗಾಗಿ ಇಟ್ಟಿರುವ ಹಿತವೂ, ಆ ಜನರು ತಮ್ಮ ಸುತ್ತಲಿನ ಅನ್ಯರ ಊರಿಗಾಗಿ ಬೇಡಬೇಕಾದ ಹಿತವೂ ಬೇರೆ ಬೇರೆಯಲ್ಲ. ಈ ಸೀಮೆಗೆ ಬಂದ ಹಿಂದಿನ ವಿಶ್ವಾಸಿಗಳು ಇದನ್ನು ಹೀಗೆಯೇ ಓದಿಕೊಂಡರೆಂದು ತೋರುತ್ತದೆ. ಮಿಷನರಿಗಳು ಆರಂಭಿಸಿದ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಾಗಲಿ, ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಯಲ್ಲಾಗಲಿ, ಹಾಸಿಗೆ ಕೊಡುವ ಮೊದಲು ಯಾರ ಧರ್ಮವನ್ನೂ ಕೇಳಬಾರದೆಂಬ ತಿಳಿವಳಿಕೆ ಈ ವಚನಕ್ಕೆ ಹೊಂದುವಂಥದೇ. ನಿಮ್ಮ ಊರಿನ ಕೆರೆ ತುಂಬಲೆಂದು ನೀವು ಪ್ರಾರ್ಥಿಸುವಾಗ, ಕೆರೆಯಾಚೆಯ ಹೊಲದವರ ಬೋರಿಗೂ ನೀರು ಬರಲೆಂದು ಪ್ರಾರ್ಥಿಸುತ್ತೀರಲ್ಲವೆ? ಅದು ಈ ಕಾಗದಕ್ಕೆ ವಿಧೇಯರಾಗುವುದೇ.

ಇನ್ನು ನಂಬಿಕೆ ಸಾಲದು ಎಂಬ ಮಾತಿಗೆ ಬರುತ್ತೇನೆ. ಇದನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ, ಏಕೆಂದರೆ ನಾನೂ ಒಮ್ಮೆ ಅದೇ ಮಾತನ್ನು ಆಡಿದ್ದೇನೆ. ಸೇವೆಗೆ ಸೇರಿದ ಹೊಸದರಲ್ಲಿ, ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ಬೋರು ಕೊರೆಸುತ್ತಿದ್ದ ಮನೆಯವರು ಪ್ರಾರ್ಥನೆಗೆ ಕರೆದರು. ರಾತ್ರಿಯಿಡೀ ಲಾರಿ ಗುಡುಗುತ್ತಿತ್ತು. ಒಂದೊಂದು ರಾಡು ಇಳಿದಾಗಲೂ ಮನೆಯ ಯಜಮಾನ ಬೀಡಿಯ ಕಟ್ಟಿನ ಮೇಲೆ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. 1,200 ಅಡಿ ದಾಟಿದರೂ ಬೂದು ಬಣ್ಣದ ಕಲ್ಲುಪುಡಿಯೇ ಮೇಲೆದ್ದು, ಹೊಂಗೆಯ ಮರವೂ ಹಟ್ಟಿಯಲ್ಲಿದ್ದ ಹಸುವೂ ಬೆಳ್ಳಗಾದವು. ವಿಶ್ವಾಸದಿಂದ ಬೇಡಿದರೆ ನೀರು ಬಂದೇ ಬರುತ್ತದೆಂದು ಸಂಜೆ ಹೇಳಿದ್ದ ನಾನು, ಬೆಳಗಾಗುವಾಗ ನಮ್ಮಲ್ಲಿ ಯಾರಿಗೋ ಸಂದೇಹವಿತ್ತೇನೋ ಎಂದುಬಿಟ್ಟೆ. ಆ ಮನೆಯಾಕೆ ಏನೂ ಹೇಳದೆ ಸೆರಗಿನಿಂದ ಹಸುವಿನ ಕಣ್ಣಿನ ಮೇಲಿದ್ದ ಧೂಳು ಒರೆಸುತ್ತಾ ನಿಂತರು. ಒಂದು ವರ್ಷದ ತನಕ ಅವರು ಆರಾಧನೆಗೆ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ.

ಅಂದು ನಾನು ಯೆರೆಮೀಯನ ಪುಸ್ತಕವನ್ನೇ ಸರಿಯಾಗಿ ಓದಿದ್ದರೆ ಹಾಗೆ ಮಾತನಾಡುತ್ತಿರಲಿಲ್ಲ. 14ನೆಯ ಅಧ್ಯಾಯದಲ್ಲಿ ಬರಗಾಲದ ವರ್ಣನೆಯಿದೆ: ದೊಡ್ಡ ಮನೆಯವರು ನೀರಿಗೆ ಕಳುಹಿಸಿದ ಆಳುಗಳು ಬರಿಗೊಡ ಹೊತ್ತು, ನಾಚಿ, ತಲೆಗೆ ಮುಸುಕು ಹಾಕಿಕೊಂಡು ಬರುತ್ತಾರೆ. ನೆಲ ಬಿರಿದಿದೆ. ಹುಲ್ಲಿಲ್ಲದೆ ಜಿಂಕೆಯು ಈದ ಮರಿಯನ್ನೇ ಬಿಟ್ಟುಹೋಗುತ್ತದೆ. ಅದಾದ ಮೇಲಿನ ಅಧ್ಯಾಯದಲ್ಲಿ ಪ್ರವಾದಿಯು ದೇವರನ್ನೇ ಹಿಡಿದು ಕೇಳುತ್ತಾನೆ: ನಂಬಿ ಹೋದವನಿಗೆ ಬತ್ತಿ ನಿಲ್ಲುವ ತೊರೆಯಂತೆ ನೀನೂ ನನಗೆ ಆಗುವೆಯಾ? ಮಳೆಗಾಲ ಬಿಟ್ಟರೆ ಮರಳಾಗಿಯೇ ಮಲಗಿರುವ ಪಾಲಾರ್ ನದಿಯನ್ನು ಕಂಡವರಿಗೆ ಈ ಮಾತು ಎಷ್ಟು ಕಟುವೆಂದು ಗೊತ್ತು. ಹಿತದ ಆಲೋಚನೆಯ ವಚನವನ್ನು ಬರೆದ ಕೈಯೇ ಈ ದೂರನ್ನೂ ಬರೆದಿದೆ. ದೇವರು ಆ ದೂರನ್ನು ಸತ್ಯವೇದದಿಂದ ತೆಗೆದುಹಾಕಿಸಲಿಲ್ಲ. ಆದ್ದರಿಂದ ನೀವು ಅತ್ತದ್ದನ್ನೂ, ‘ಏಕೆ ಕರ್ತನೇ’ ಎಂದು ಕೇಳಿದ್ದನ್ನೂ ಅವಿಶ್ವಾಸವೆಂದು ಎಣಿಸಬೇಡಿ.

ಆ ಅಧ್ಯಾಯದ ಬರಗಾಲವು ಪಾಪದ ನಿಮಿತ್ತವೇ ಬಂದದ್ದಲ್ಲವೆ ಎಂದು ಯಾರಾದರೂ ನಿಮಗೆ ಎದುರುತ್ತರ ಕೊಡಬಹುದು. ಹೌದು, ಒಡಂಬಡಿಕೆಯನ್ನು ಮುರಿದ ಒಂದು ಜನಾಂಗಕ್ಕೆ ದೇವರು ತನ್ನ ಪ್ರವಾದಿಯ ಮೂಲಕ ಅದನ್ನು ತಿಳಿಸಿದನು. ಅದನ್ನು ಹಿಡಿದು ಒಂದು ಮನೆಯತ್ತ ಬೆರಳು ತೋರಿಸುವ ಅಧಿಕಾರ ನಮಗಿಲ್ಲ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನರು ಉಳಿದವರಿಗಿಂತ ಅಪರಾಧಿಗಳೆಂದು ನೆನಸುತ್ತೀರೋ ಎಂದು ಕೇಳಿದ ಯೇಸು, ಅಲ್ಲವೆಂದು ತಾನೇ ಉತ್ತರಿಸಿ, ಕೇಳಲು ಬಂದವರನ್ನೇ ತಮ್ಮ ಮನಸ್ಸನ್ನು ನೋಡಿಕೊಳ್ಳಲು ಕಳುಹಿಸಿದನು. ಹುಟ್ಟುಕುರುಡನ ವಿಷಯದಲ್ಲಿಯೂ ಅವನದಾಗಲಿ ಅವನ ತಂದೆತಾಯಿಗಳದಾಗಲಿ ಪಾಪವೆನ್ನಲಿಲ್ಲ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆಂದರೆ, ಮಳೆ ನಿಂತಾಗಲೂ ಇಬ್ಬರ ಹೊಲವೂ ಒಣಗುತ್ತದೆ.

ಹಾಗಾದರೆ ಆ ವಾಗ್ದಾನ ಬಾಬೆಲಿನವರಿಗೇ ಹೊರತು ನನಗಿಲ್ಲವೆ ಎಂದು ನೀವು ಕೇಳಬಹುದು. ನಿಮಗೂ ಇದೆ, ಆದರೆ ಕ್ರಿಸ್ತನ ಮೂಲಕ ಇದೆ. ದೇವರ ವಾಗ್ದಾನಗಳೆಷ್ಟಿದ್ದರೂ ಅವು ಕ್ರಿಸ್ತನಲ್ಲಿ ಹೌದಾಗಿವೆಯೆಂದು ಪೌಲನು 2 ಕೊರಿಂಥ 1:20ರಲ್ಲಿ ಬರೆಯುತ್ತಾನೆ. ಶಿಲುಬೆಯ ದಾರಿಯಲ್ಲೇ ಪುನರುತ್ಥಾನಕ್ಕೆ ಹೋದವನಲ್ಲಿ ನೆರವೇರುವ ವಾಗ್ದಾನವು, ಕಷ್ಟವನ್ನು ತಪ್ಪಿಸಿಕೊಂಡು ಹೋಗುವ ಅಡ್ಡದಾರಿಯನ್ನು ನಮಗೆ ಕೊಡಲಾರದು. ಅದು ಕೊಡುವುದು ಬೇರೆ: ಈ ಸಾಲ, ಈ ಬರ, ಈ ಅವಮಾನ ನಿಮ್ಮ ವಿಷಯದಲ್ಲಿ ದೇವರ ಕೊನೆಯ ಮಾತಲ್ಲವೆಂಬ ಭರವಸೆ. ಬಾಬೆಲಿಗೆ ಹೋದವರ ವಿಷಯದಲ್ಲಿಯೂ ಸೆರೆ ಕೊನೆಯ ಮಾತಾಗಲಿಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನಿಗೆ ಬಾಬೆಲು ಸೋತಿತು, ಸೆರೆಯವರ ಮಕ್ಕಳು ಮೊಮ್ಮಕ್ಕಳು ಊರಿಗೆ ಹೊರಟರು. ಯೆರೆಮೀಯನು ಅದನ್ನು ನೋಡಲಿಲ್ಲ. ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋಗಿದ್ದರು.

ಆದರೆ ಅವನು ಮಾಡಿದ ಒಂದು ಕೆಲಸ ನಮ್ಮ ರೈತರ ಮನಸ್ಸಿಗೆ ಹತ್ತಿರವಾದದ್ದು. ಯೆರೂಸಲೇಮಿಗೆ ಮುತ್ತಿಗೆ ಬಿದ್ದು, ತಾನು ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾಗ, ಚಿಕ್ಕಪ್ಪನ ಮಗನಾದ ಹನಮೇಲನು ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎಂದನು. ಶತ್ರುವಿನ ಸೈನ್ಯ ತುಳಿಯುತ್ತಿದ್ದ ನೆಲ ಅದು. ದೇವರ ಅಪ್ಪಣೆಯಂತೆ ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ತನ್ನ ಬರಹಗಾರನಾದ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂದು ದೇವರು ಹೇಳಿದ್ದಕ್ಕೆ ಅವನು ಕೊಟ್ಟ ಸಹಿ ಅದು. ಮಗಳ ಶಾಲೆಯ ಫೀಸನ್ನು ನೀವು ಈ ವರ್ಷವೂ ಹೇಗೋ ಕಟ್ಟಿದ್ದೀರೆಂದರೆ, ಅದನ್ನೂ ನಾನು ಅದೇ ಗಡಿಗೆಯಲ್ಲಿ ಇಡುತ್ತೇನೆ.

ಕೊನೆಗೆ, ಈ ವಾರ ಮಾಡಬೇಕಾದದ್ದು. ಬೀರುವಿನ ಬಾಗಿಲಿಗೆ ಅಂಟಿಸಿರುವ ಆ ಚೀಟಿಯನ್ನು ಕಿತ್ತುಹಾಕಬೇಡಿ. ಅದರ ಕೆಳಗೆ ಪೆನ್ಸಿಲಿನಲ್ಲಿ 5ರಿಂದ 10ರವರೆಗಿನ ವಚನಗಳನ್ನು ಬರೆದುಕೊಳ್ಳಿ. ಮತ್ತೊಂದು ಬೋರಿಗೆ ಬಡ್ಡಿ ಸಾಲ ತರಬೇಡಿ. ಇರುವ ತೇವಕ್ಕೆ ರಾಗಿಯೋ ಹುರುಳಿಯೋ ಹಾಕಿ, ಡೈರಿಗೆ ಹಾಲು ಹಾಕುವುದನ್ನು ನಿಲ್ಲಿಸಬೇಡಿ. ಕಂತು ಕಟ್ಟಲಾಗದ್ದನ್ನು ಸಂಘದವರಿಂದ ಬಚ್ಚಿಡದೆ ಹೇಳಿ ಅವಧಿ ಕೇಳಿ. ನಿಮ್ಮ ಸಭೆಯ ಹಿರಿಯರಿಗೂ ಒಂದು ಮಾತು: ರೋಮಿನ ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಬರಗಾಲ ಬರಲಿದೆಯೆಂದು ಕೇಳಿದ ಅಂತಿಯೋಕ್ಯದ ಸಭೆಯು ಯೂದಾಯದವರಿಗೆ ವಚನದ ಚೀಟಿಗಳನ್ನು ಕಳುಹಿಸಲಿಲ್ಲ, ಪ್ರತಿಯೊಬ್ಬನೂ ಶಕ್ತ್ಯನುಸಾರ ಹಣ ಕೂಡಿಸಿ ಬಾರ್ನಬ ಸೌಲರ ಕೈಯಲ್ಲಿ ಕಳುಹಿಸಿದನು. ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ ಒಂದು ಪಾಲನ್ನು ಇಂಥ ಮನೆಗಳ ಕಂತಿಗೆ ಎತ್ತಿಡಲು ಕಮಿಟಿಯ ನಿರ್ಣಯವೊಂದು ಸಾಕು. ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಸಾಲದ ಪುಸ್ತಕವನ್ನು ಹಿಡಿದುಕೊಂಡು ನಿಮ್ಮ ಅಯ್ಯನವರ ಬಳಿಗೆ ಹೋಗಿ, ಈ ಉತ್ತರವನ್ನೂ ಅವರಿಗೆ ತೋರಿಸಿ.