ಪುಟ್ಟ ಮಗುವಿಗೆ ಸೂಜಿ ಹಾಕುವಾಗ

ಎರಡು ವರ್ಷದ ಮಗು. ವಾಂತಿ-ಭೇದಿಯಾಗಿ ಸುಸ್ತಾಗಿದೆ. ಡ್ರಿಪ್ ಹಾಕಬೇಕು, ನರ ಸಿಗುತ್ತಿಲ್ಲ. ಅಮ್ಮನನ್ನು ಹೊರಗೆ ಕಳಿಸಿ, ಮಗುವನ್ನು ಅಂಗಾತ ಮಲಗಿಸಿ, ಇಬ್ಬರು ಕೈಕಾಲು ಅದುಮಿ ಹಿಡಿಯುತ್ತಾರೆ. ಒಂದು ಕಡೆ ಚುಚ್ಚಿ, ಆಗಲಿಲ್ಲ ಅಂತ ಇನ್ನೊಂದು ಕಡೆ ಚುಚ್ಚುತ್ತಾರೆ. ಮಗುವಿನ ಕಿರುಚಾಟ ಕಾರಿಡಾರಿನ ತುದಿಯವರೆಗೂ ಕೇಳುತ್ತದೆ.

ಆ ಹೊತ್ತಿನಲ್ಲಿ ಮಗುವಿನ ಮೈಯೊಳಗೆ ಏನಾಗುತ್ತಿದೆ ನೋಡಿ. ಹೆದರಿಕೆಗೆ ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ, ಚರ್ಮದ ಕಡೆಯ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಕೈ ತಣ್ಣಗಾಗುತ್ತದೆ. ನೀರಿನಂಶ ಕಮ್ಮಿಯಾಗಿ ಮೊದಲೇ ಸೊರಗಿದ್ದ ನರ ಇನ್ನೂ ಸಣ್ಣಗಾಗುತ್ತದೆ. ಮಗು ಹೆದರಿದಷ್ಟೂ ಸಿಸ್ಟರ್ ಕೆಲಸ ಕಷ್ಟವಾಗುತ್ತದೆ, ಚುಚ್ಚುವುದು ಜಾಸ್ತಿಯಾಗುತ್ತದೆ. ಹಾಗಾಗಿ ಮಗುವನ್ನು ಸಮಾಧಾನ ಮಾಡುವುದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಬೇಕು ಅಂತ ನಾನು ಹೇಳುತ್ತೇನೆ.

ಅನುಭವಸ್ಥ ಸಿಸ್ಟರ್ ಇದನ್ನೇ ಬೇರೆ ರೀತಿ ಮಾಡುತ್ತಾರೆ. ಅಮ್ಮ ಕುರ್ಚಿಯಲ್ಲಿ ಕೂತು ಮಗುವನ್ನು ಎದೆಗೆ ಎದೆ ಸೇರಿಸಿ ತಬ್ಬಿಕೊಳ್ಳುತ್ತಾಳೆ. ಮಗುವಿನ ಒಂದು ಕೈ ಮಾತ್ರ ಅವಳ ಕಂಕುಳ ಕೆಳಗಿಂದ ಹಿಂದಕ್ಕೆ ಚಾಚಿರುತ್ತದೆ. ಸಿಸ್ಟರ್ ಆ ಕೈಯನ್ನು ಬೆಚ್ಚಗೆ ಮಾಡಿ ನರ ಹುಡುಕುತ್ತಾರೆ. ತುರ್ತಿಲ್ಲದಿದ್ದರೆ ಸುಮಾರು ಒಂದು ಗಂಟೆ ಮೊದಲೇ ಮರಗಟ್ಟಿಸುವ ಮುಲಾಮು ಹಚ್ಚಿರುತ್ತಾರೆ. ‘ಏನೂ ಆಗಲ್ಲ ಪುಟ್ಟಾ’ ಅನ್ನುವುದಿಲ್ಲ. ‘ಸ್ವಲ್ಪ ಚುರ್ ಅನ್ನುತ್ತೆ, ಬೇಗ ಮುಗಿಯುತ್ತೆ’ ಅನ್ನುತ್ತಾರೆ. ನೋವಾಗಲ್ಲ ಅಂತ ಹೇಳಿ ಚುಚ್ಚಿದರೆ ಮಗು ಆ ಸಿಸ್ಟರ್ ಮಾತನ್ನು ಮತ್ತೆ ಯಾಕೆ ನಂಬಬೇಕು, ಅಲ್ವಾ?

ಎಳೆ ಕೂಸಿಗೆ ಎದೆಹಾಲು ಕುಡಿಸುತ್ತಲೇ ಸೂಜಿ ಹಾಕಿದರೆ ನೋವಿನ ಲಕ್ಷಣಗಳು ಕಡಿಮೆ ಇರುತ್ತವೆ. ಲಸಿಕೆ ಹಾಕುವಾಗ ಹೀಗೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ. ನವಜಾತ ಶಿಶುಗಳ ಘಟಕದಲ್ಲಿ ಹಿಮ್ಮಡಿಗೆ ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಗೆ ಸಕ್ಕರೆ ದ್ರಾವಣದ ಕೆಲವೇ ಹನಿ ಹಾಕುವ ಪದ್ಧತಿಯೂ ಇದೆ. ಇದನ್ನು ಓದಿ ಮನೆಯಲ್ಲಿ ಜೇನುತುಪ್ಪ ನೆಕ್ಕಿಸಬೇಡಿ. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕರುಳಿನಲ್ಲಿ ಬೆಳೆದು ವಿಷ ತಯಾರಿಸುತ್ತದೆ.

ಇಷ್ಟೆಲ್ಲ ಈಗ ಗೊತ್ತಿದೆ. ಆದರೆ 1980ರ ದಶಕದಲ್ಲೂ, ಎಳೆ ಕೂಸುಗಳಿಗೆ ನೋವು ಸರಿಯಾಗಿ ಗೊತ್ತಾಗಲ್ಲ ಅಂತ ನಂಬಿದ್ದ ವೈದ್ಯರು ಬಹಳ ಮಂದಿ ಇದ್ದರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ನೆಪಮಾತ್ರದ ಅರಿವಳಿಕೆ ಕೊಟ್ಟು, ಅಲುಗಾಡದಂತೆ ಸ್ನಾಯು ಸಡಿಲಿಸುವ ಔಷಧ ಹಾಕಿ ಆಪರೇಷನ್ ಮಾಡುತ್ತಿದ್ದರು. ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಇದನ್ನು ಪರೀಕ್ಷೆಗಿಟ್ಟರು. ಒಂದು ಗುಂಪಿನ ಕೂಸುಗಳಿಗೆ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಸೇರಿಸಿ ಕೊಟ್ಟರು, ಇನ್ನೊಂದಕ್ಕೆ ಎಂದಿನಂತೆ. ಫೆಂಟನಿಲ್ ಸಿಕ್ಕ ಮಕ್ಕಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆಯೂ ಕಮ್ಮಿ, ಆಮೇಲಿನ ತೊಡಕುಗಳೂ ಕಮ್ಮಿ. 1987ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಹಳೆಯ ನಂಬಿಕೆ ಉಳಿಯಲಿಲ್ಲ.

ಮಾತು ಬಾರದ ಮಗುವಿನ ನೋವನ್ನು ಅಳೆಯಲು ನರ್ಸ್‌ಗಳು ಐದು ಸಂಗತಿ ನೋಡುತ್ತಾರೆ: ಮುಖ, ಕಾಲು, ಮೈಯ ಚಲನೆ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೋ ಇಲ್ಲವೋ. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಇದರಲ್ಲಿ ಅಳು ಐದರಲ್ಲಿ ಒಂದು ಮಾತ್ರ. ಹುಬ್ಬು ಗಂಟಿಕ್ಕಿ, ಕಾಲು ಹೊಟ್ಟೆಗೆ ಮಡಚಿಕೊಂಡು ಸುಮ್ನೆ ಮಲಗಿರುವ ಮಗುವಿಗೂ ನೋವಿರಬಹುದು.

ಈ ಸುಮ್ಮನಿರುವಿಕೆ ಹಿಂದೆ ಎಷ್ಟೋ ಜನರನ್ನು ಏಮಾರಿಸಿತ್ತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಅಪ್ಪ-ಅಮ್ಮಂದಿರನ್ನು ವಾರಕ್ಕೆ ಒಂದೆರಡು ಸಲ ಮಾತ್ರ ಒಳಗೆ ಬಿಡುತ್ತಿದ್ದರು. ಮೊದಮೊದಲು ಅಳುತ್ತಿದ್ದ ಮಗು ಆಮೇಲೆ ತೆಪ್ಪಗಾದರೆ ‘ಹೊಂದಿಕೊಂಡಿತು’ ಅನ್ನುತ್ತಿದ್ದರು. ಆಸ್ಪತ್ರೆ ಸೇರಿದ ಮಕ್ಕಳನ್ನು ಗಮನಿಸುತ್ತಿದ್ದ ಸಮಾಜಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ತೋರಿಸಿದರು. ಅವಳು ಹೊಂದಿಕೊಂಡಿರಲಿಲ್ಲ, ಒಳಗೊಳಗೇ ಕುಗ್ಗಿದ್ದಳು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೇ ಅಪ್ಪ-ಅಮ್ಮ ಯಾವಾಗ ಬೇಕಾದರೂ ಬರುವಂತಿರಲಿ, ಪುಟ್ಟ ಮಕ್ಕಳ ಜೊತೆ ತಾಯಿಗೂ ಉಳಿಯಲು ಜಾಗವಿರಲಿ ಅಂದಿತು.

ನಮ್ಮ ಮಕ್ಕಳ ವಾರ್ಡುಗಳಲ್ಲಿ ಅಮ್ಮನೋ ಅಜ್ಜಿಯೋ ಮಂಚದ ಪಕ್ಕ ಇದ್ದೇ ಇರುತ್ತಾರೆ. ಇದು ದೊಡ್ಡ ಬಲ. ಆದರೆ ಸೂಜಿ ಹಾಕುವಾಗಲೇ ಅವರನ್ನು ಹೊರಗೆ ಕಳಿಸಿಬಿಡುತ್ತೇವೆ! ಇದರಲ್ಲಿ ಸಿಸ್ಟರ್‌ಗಳನ್ನೇ ದೂರುವುದು ಅನ್ಯಾಯ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡ್ ನೋಡಿಕೊಳ್ಳುವವರಿಗೆ ಒಂದು ಮಗುವಿನ ಹತ್ತಿರ ಹತ್ತು ನಿಮಿಷ ಕೂರುವುದೂ ಕಷ್ಟ. ಮಕ್ಕಳ ವಾರ್ಡಿಗೆ ಹೆಚ್ಚು ನರ್ಸ್‌ಗಳನ್ನು ಕೊಡಲೇಬೇಕು.

ನಿಮ್ಮ ಮಗುವನ್ನು ಅಡ್ಮಿಟ್ ಮಾಡಿದ್ದರೆ ಎರಡು ಮಾತು ಕೇಳಿ. ‘ಸಿಸ್ಟರ್, ನಾನು ತೊಡೆ ಮೇಲೆ ಕೂರಿಸಿಕೊಳ್ಳಲಾ?’ ಅಂತ ಒಂದು. ಇನ್ನೊಂದು, ‘ಬರೆದಿರುವ ಟೆಸ್ಟ್‌ಗಳಿಗೆಲ್ಲ ಒಂದೇ ಸಲ ರಕ್ತ ತೆಗೆಯಬಹುದಾ?’ ಅಂತ. ಡ್ರಿಪ್‌ಗೆ ಸೂಜಿ ಹಾಕುವಾಗಲೇ ರಕ್ತವನ್ನೂ ತೆಗೆದುಕೊಂಡರೆ ಎಷ್ಟೋ ಸಲ ಒಂದು ಚುಚ್ಚು ಉಳಿಯುತ್ತದೆ.