ಡಿಸ್ಚಾರ್ಜ್ ಆದ ಮೇಲಿನ ದಿನಗಳು

ನಮ್ಮ ಮಂಗಳೂರಲ್ಲಿ ಆಸ್ಪತ್ರೆಗೆಂತ ಬರ ಇಲ್ಲ, ಲೇಡಿಗೋಷನ್ ಉಂಟು, ಮೆಡಿಕಲ್ ಕಾಲೇಜುಗಳು ಉಂಟು, ಉಡುಪಿ ಕಡೆ ಹೋದ್ರೆ ಮಣಿಪಾಲ, ಹಾಗಾಗಿ ಹೆರಿಗೆ ಸರಿಯಾಗಿ ಆಯ್ತು ಅಂದ್ರೆ ಹೆದರಿಕೆ ಮುಗೀತು ಅಂತ ಎಲ್ಲರೂ ಅಂದ್ಕೊಳ್ತೇವೆ. ಆದ್ರೆ ಹುಟ್ಟು ಸಾವಿನ ಲೆಕ್ಕ ಹಾಕುವ ಸರ್ಕಾರದ ಎಸ್‌ಆರ್‌ಎಸ್ ಸರ್ವೆಯ 2020ರ ಲೆಕ್ಕ ನೋಡಿ, ಆ ವರ್ಷ ದೇಶದಲ್ಲಿ ಹುಟ್ಟಿದ 1000 ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ವು, ಅದ್ರಲ್ಲಿ 20 ಮೊದಲ ತಿಂಗಳಲ್ಲೇ. ಕರ್ನಾಟಕದಲ್ಲಿ ವರ್ಷ ತುಂಬುವ ಮೊದಲು ತೀರಿಕೊಂಡದ್ದು 1000ಕ್ಕೆ 19. ನಾರ್ಮಲ್ ಹೆರಿಗೆಯಾದ್ರೆ ಎರಡು ಮೂರು ದಿನಕ್ಕೆ ಡಿಸ್ಚಾರ್ಜ್, ಆ ತಿಂಗಳ ಬಾಕಿ ದಿನ ಎಲ್ಲ ಮಗು ಮನೆಯಲ್ಲೇ ಅಲ್ವಾ.

ಮನೆಯಲ್ಲೇ ಮಗುವನ್ನು ಉಳಿಸ್ಬಹುದು ಅಂತ ತೋರಿಸಿದ್ದು ಮಹಾರಾಷ್ಟ್ರದ ಗಡ್ಚಿರೋಲಿಯ ಡಾಕ್ಟರ್ ದಂಪತಿ ಅಭಯ್ ಬಂಗ್, ರಾಣಿ ಬಂಗ್. ಹಳ್ಳಿಯಲ್ಲಿ ಆದ ಪ್ರತಿ ಹುಟ್ಟು, ಪ್ರತಿ ಸಾವು ಬರೆದಿಟ್ರು, ಆಮೇಲೆ ಅದೇ ಹಳ್ಳಿಯ ಹೆಂಗಸರಿಗೆ ತೂಕ ನೋಡ್ಲಿಕ್ಕೆ, ಉಸಿರು ಎಣಿಸ್ಲಿಕ್ಕೆ, ಸೋಂಕು ಕಂಡ್ರೆ ಆಂಟಿಬಯೋಟಿಕ್ ಕೊಡ್ಲಿಕ್ಕೆ ಕಲಿಸಿದ್ರು. 39 ಹಳ್ಳಿಗಳಲ್ಲಿ ಮಾಡಿದ ಈ ಕೆಲಸದ ರಿಸಲ್ಟ್ 1999ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು ಬೇರೆ ಹಳ್ಳಿಗಳಿಗೆ ಹೋಲಿಸಿದ್ರೆ ಸುಮಾರು 62 ಶೇಕಡಾ ಇಳಿದಿತ್ತು. 2011ರಿಂದ ಅದೇ ಮಾದರಿಯ ಮನೆಭೇಟಿ ದೇಶದ ಆಶಾ ಕಾರ್ಯಕರ್ತೆಯರ ಕೆಲಸ ಆಯ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ.

ಅವ್ರು ಬಂದು ಎಂತ ನೋಡ್ತಾರೆ? ಮಗು ಹಾಲು ಚೀಪೋದು ಬಿಟ್ಟಿದ್ಯಾ, ಪಾದ ಹೊಟ್ಟೆ ತಣ್ಣಗೆ ಉಂಟಾ, ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಂಟಾ, ಎದೆ ಒಳಗೆ ಎಳೀತದಾ. ಇದ್ರಲ್ಲಿ ಯಾವುದು ಕಂಡ್ರೂ ಕೂಡ್ಲೇ ಆಸ್ಪತ್ರೆ. ತಣ್ಣಗಾಗೋದರ ಬಗ್ಗೆ ನಮ್ಮವರಿಗೆ ನಂಬಿಕೆಯೇ ಬರೋದಿಲ್ಲ, ಇಷ್ಟು ಸೆಕೆಯ ಊರಲ್ಲಿ ಮಗುವಿಗೆ ಚಳಿಯಾ ಅಂತಾರೆ. ಆದ್ರೆ ತೂಕಕ್ಕೆ ಹೋಲಿಸಿದ್ರೆ ಮಗುವಿನ ಮೈ ಚರ್ಮ ಜಾಸ್ತಿ, ಕೆಳಗೆ ಕೊಬ್ಬು ಕಡಿಮೆ, ಒದ್ದೆಯಾದ್ರೆ ಶಾಖ ಬೇಗ ಹೋಗ್ತದೆ, ತಣ್ಣಗಾದ ಮಗು ಹಾಲು ಚೀಪೋದನ್ನೂ ಬಿಡ್ತದೆ. ತೂಕ ಕಡಿಮೆ ಇರುವ ಮಗುವನ್ನು ಎಣ್ಣೆ ಹಚ್ಚಿ ಹಂಡೆ ನೀರಲ್ಲಿ ಮೀಯಿಸ್ಲಿಕ್ಕೆ ಅವಸರ ಮಾಡ್ಬೇಡಿ ಅಂತ ಹೇಳೋದು ಅದಕ್ಕೇ, ಒರೆಸಿದ್ರೆ ಸಾಕು, ತಾಯಿಯ ಎದೆಗೆ ಬರಿ ಮೈ ತಾಗಿಸಿ ಹೊದಿಸಿ ಇಟ್ರೆ ಅದಕ್ಕಿಂತ ಒಳ್ಳೆ ಬಿಸಿ ಬೇರೆ ಇಲ್ಲ. ಅಜ್ಜಿಯಂದಿರನ್ನು ಬೈದು ಪ್ರಯೋಜನ ಇಲ್ಲ, ಬಾಣಂತಿ ಕೋಣೆಯಲ್ಲಿ ಅವ್ರ ಮಾತೇ ನಡೆಯೋದು, ಅವ್ರನ್ನೂ ಕೂರಿಸಿ ಉಸಿರು ಎಣಿಸೋದು ತೋರಿಸ್ಬೇಕು.

ಮಗು ತೀರಿಕೊಂಡ ಮನೆಗೂ ಆರೋಗ್ಯ ಇಲಾಖೆಯವರು ಮತ್ತೆ ಹೋಗ್ತಾರೆ, ಯಾವಾಗ ಹುಷಾರು ತಪ್ಪಿತು, ಯಾವಾಗ ಗೊತ್ತಾಯ್ತು, ಗಾಡಿ ಸಿಗ್ಲಿಕ್ಕೆ ಎಷ್ಟು ಹೊತ್ತಾಯ್ತು ಅಂತ ಕೇಳಿ ಬರೀತಾರೆ. ಕೇಳುವವರಿಗೂ ಹೇಳುವವರಿಗೂ ತುಂಬಾ ಕಷ್ಟದ ಕೆಲಸ. ಆದ್ರೆ ತಡ ಎಲ್ಲಿ ಆಯ್ತು ಅನ್ನೋದು ಆಸ್ಪತ್ರೆಯ ಫೈಲ್‌ನಲ್ಲಿ ಇರೋದಿಲ್ಲ, ಮನೆಯವರೇ ಹೇಳ್ಬೇಕು.

ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ತಾಯಿ ಕಾರ್ಡ್ ಗಂಡನ ಮನೆಯ ಊರಲ್ಲಿ, ಬಾಣಂತನ ತವರಲ್ಲಿ. ತವರೂರಿನ ಆಶಾ ಅಕ್ಕನಿಗೆ ಈ ಮನೆಗೆ ಮಗು ಬಂದದ್ದೇ ಗೊತ್ತಿಲ್ಲದಿದ್ರೆ ಆರು ಭೇಟಿಯಲ್ಲಿ ಒಂದೂ ಆಗೋದಿಲ್ಲ. ಏಳನೇ ತಿಂಗಳಿಗೆ ಸೀಮಂತ ಮಾಡಿ ಮಗಳನ್ನು ಕರ್ಕೊಂಡು ಬರುವಾಗಲೇ ಅವ್ರಿಗೊಂದು ಫೋನ್ ಮಾಡಿ, ಕಾರ್ಡ್ ತೋರಿಸಿ ಹೆಸರು ಬರೆಸಿಬಿಡಿ.