ಟೇಬಲ್ ಖಾಲಿ ಅದಾವಲ್ಲ, ಮತ್ತ ಹೊರಗ್ಯಾಕ ನಿಲ್ಲಸ್ತೀರಿ?

ಹೋದ ರವಿವಾರ ಹತ್ತೂವರಿ ಸುಮಾರಿಗೆ ಒಬ್ಬ ಕಾಕಾ ಗಲ್ಲಾದ ಮುಂದ ಬಂದು ನಿಂತು, "ಅಲ್ಲೋ ತಮ್ಮಾ, ಅಲ್ಲಿ ಮೂರು ಟೇಬಲ್ ಖಾಲಿ ಅದಾವ, ಅವನ್ನೇನು ದೆವ್ವಕ್ಕ ಕಾಯ್ದಿಟ್ಟೀಯೇನು?" ಅಂದ್ರು. ಹಿಂದ ಕಾಕು, ಮಗ, ಸೊಸಿ, ಮದುವಿ ಆಗದ ಮಗಳು, ಸೊಸಿ ಬಗಲಾಗ ಒಂದು ಕೂಸು, ಆ ಕೂಸಿನ ಕೈಯಾಗ ನಮ್ಮ ಮೆನು ಕಾರ್ಡು, ಕಾರ್ಡಿನ ಒಂದು ಮೂಲಿ ಆಗಲೇ ಬಾಯಾಗ ಹೋಗಿತ್ತು. "ಕಾಕಾ, ಹದಿನೈದ ನಿಮಿಷ ಅಷ್ಟ, ಹೊರಗ ಖುರ್ಚಿ ಹಾಕೇವಿ, ಕೂಡ್ರಿ" ಅಂದೆ. ಕೂತ್ರು. ಆದ್ರ ನನ್ನ ಮಾತು ಒಂಚೂರೂ ನಂಬಿಲ್ಲ ಅನ್ನೂದು ಮುಖದ ಮ್ಯಾಲೆ ಕಾಣಸ್ತಿತ್ತು. ಬೆಳಗಾವ್ಯಾಗ ಟಿಳಕವಾಡಿ ಕಡೆ ಇರೂ ನಮ್ಮ ಹೋಟೆಲ್ನ್ಯಾಗ ಈ ಪ್ರಶ್ನಿ ಪ್ರತಿ ರವಿವಾರ ಹತ್ತು ಸಲಾನರ ಬರ್ತೈತಿ, ಆ ಗದ್ದಲದಾಗ ನಿಂತ ಕಾಲ ಮ್ಯಾಲೆ ಉತ್ತರ ಹೇಳಾಕ ಆಗೂದಿಲ್ಲ, ಅದಕ ಇಲ್ಲಿ ಸಾವಕಾಶ ಹೇಳ್ತೀನಿ. ಅಡಗಿಮನ್ಯಾಗ ನಾ ಹದಿನಾಲ್ಕು ವರ್ಷ ಕಳದೀನಿ, ಮೊದಲ ತವಾ, ಆಮ್ಯಾಲೆ ತಂದೂರ, ಈಗ ಇಡೀ ಕಿಚನ್ ನೋಡ್ಕೊಳ್ಳೂದು.

ರವಿವಾರ ಮಂದಿ ಎಲ್ಲಾ ಒಮ್ಮೆಲೇ ಯಾಕ ಬರ್ತಾರ ಅನ್ನೂದು ಮೊದಲ ಹೇಳ್ತೀನಿ. ಬ್ರಂಚ್ ಅನ್ನೂ ಶಬ್ದ ಹುಟ್ಟಿದ್ದು ಇಂಗ್ಲೆಂಡಿನ್ಯಾಗ. 1895ರಾಗ ಗೈ ಬೆರಿಂಜರ್ ಅನ್ನಾಂವ ಅದರ ಪರವಾಗಿ ಒಂದು ಲೇಖನನ ಬರದಿದ್ದ, ಶನಿವಾರ ರಾತ್ರಿ ಪಾರ್ಟಿ ಮಾಡಿ ತಡಾ ಆಗಿ ಮಲಗಿದವ್ರು ರವಿವಾರ ಲಗೂ ಏಳೂದ್ಯಾಕ, ನಾಷ್ಟಾನೂ ಊಟಾನೂ ಕೂಡಿಸಿ ಮಧ್ಯಾಹ್ನದ ಹೊತ್ತಿಗೆ ಒಮ್ಮೆಲೇ ತಿಂದ್ರಾತಲ್ಲ ಅಂತ. ಬೆಳಗಾವ್ಯಾಗ ಈ ಲೆಕ್ಕ ನಡಿಯೂದಿಲ್ಲ. ಇಲ್ಲಿ ಭಾಳ ಮನಿಯಾಗ ರವಿವಾರ ಅಂದ್ರ ಮಟನ್, ಎರಡು ಗಂಟೆಕ್ಕ ತಾಂಬಡಾ ರಸ್ಸಾ (ಮಟನ್ನಿನ ಕೆಂಪ ಖಾರ ಸಾರು) ರೆಡಿ ಇರ್ತೈತಿ, ಅದನ್ನ ಬಿಟ್ಟು ಹೋಟೆಲ್ನ್ಯಾಗ ಹೊಟ್ಟಿ ತುಂಬಿಸಿಕೊಂಡು ಹೋದ್ರ ಮನ್ಯಾಗ ಜಗಳಾನ. ಹಿಂಗಾಗಿ ಕಾರ್ಡಿನ ಮ್ಯಾಲೆ ನಾವು ವೀಕೆಂಡ್ ಬ್ರಂಚ್ ಅಂತ ಬರದ್ರೂ, ಪ್ಯಾನ್‌ಕೇಕ್ ಫೋಟೋ ಹಾಕಿದ್ರೂ, ಮಂದಿ ಬರೂದು ತಡಾ ಆದ ನಾಷ್ಟಾಕ್ಕ. ವಾಕಿಂಗ್ ಮುಗಿಸಿದವ್ರು, ಕ್ಯಾಂಪಿನ್ಯಾಗ ಚರ್ಚಿಗೆ ಹೋಗಿ ಬಂದವ್ರು, ಆಗಷ್ಟ ಕಣ್ಣು ಬಿಟ್ಟ ಹಾಸ್ಟೆಲ್ ಹುಡುಗ್ರು, ಎಲ್ಲಾರೂ ಹತ್ತರಿಂದ ಹನ್ನೊಂದೂವರಿ ಒಳಗ ಬರ್ತಾರ, ಎಲ್ಲಾರಿಗೂ ಬೇಕಾಗಿದ್ದು ದೋಸಿ. (ಶ್ರಾವಣದಾಗ ಮಾತ್ರ ಬ್ಯಾರೆ. ಮನ್ಯಾಗ ಮಟನ್ ಇಲ್ಲ ನೋಡ್ರಿ, ಎದ್ದು ಹೋಗೂ ಗಡಿಬಿಡಿ ಯಾರಿಗೂ ಇರೂದಿಲ್ಲ.)

ಈಗ ಲೆಕ್ಕಕ್ಕ ಬರೋಣ. ನಮ್ಮಲ್ಲಿ ಹದಿನೆಂಟು ಟೇಬಲ್, ಟೇಬಲಿಗೆ ನಾಲ್ಕು ಮಂದಿ ಅಂದ್ರ 72 ಮಂದಿ. ತವಾದ ಮ್ಯಾಲೆ ಒಂದ ಸಲಕ್ಕ ಆರು ದೋಸಿ. ನೀರು ಹೊಡದು, ಕಸಬರಗಿಲೆ ಒರಸಿ, ಹಿಟ್ಟು ಹಾಕಿ, ಎಣ್ಣಿ ಬಿಟ್ಟು, ಪಲ್ಯಾ ಇಟ್ಟು, ಮಡಚಿ ತೆಗಿಯೂದ್ರಾಗ ಐದು ನಿಮಿಷ ಹಿಡಿರಿ. ಗಂಟೆಕ್ಕ 72 ದೋಸಿ. ಹತ್ತೂವರಿಗೆ ಎಲ್ಲಾ ಟೇಬಲ್ ಒಮ್ಮೆಲೇ ತುಂಬಿಸಿದೆ ಅನ್ಕೋರಿ, ಎಲ್ಲಾರೂ ಒಂದೊಂದ ದೋಸಿ ಹೇಳಿದ್ರೂ ಕಡೀ ಮನಷ್ಯಾನ ಮುಂದ ಪ್ಲೇಟ್ ಬರೂದು ಹನ್ನೊಂದೂವರಿಗೆ. ಒಂದು ತಾಸು ಟೇಬಲ್ ಮುಂದ ಬರೇ ನೀರು ಕುಡಕೋತ ಕೂಡೂದು, ಬಾಜೂ ಟೇಬಲಿನವ್ರು ತಿನ್ನೂದು ನೋಡೂದು, ಇದಕ್ಕಿಂತ ಹೊರಗ ಗಾಳಿಗೆ ಹದಿನೈದ ನಿಮಿಷ ಕೂತು ಒಳಗ ಬಂದ ಮ್ಯಾಲೆ ಹದಿನೈದ ನಿಮಿಷದಾಗ ತಿಂದ್ರ ಸಿಟ್ಟು ಕಡಿಮಿ ಬರ್ತೈತಿ. ಖಾಲಿ ಟೇಬಲ್ ಕಂಡ್ರ ಜಾಗಾ ಐತಿ ಅಂತ ಅನಸ್ತೈತಿ, ಖರೇ. ಆದ್ರ ತವಾದ ಮ್ಯಾಲೆ ಜಾಗಾ ಇರೂದಿಲ್ಲ, ಅದು ನಿಮಗ ಹೊರಗಿಂದ ಕಾಣಸೂದಿಲ್ಲ.

ಗ್ಯಾಸ್ ದೊಡ್ಡದ ಮಾಡ್ರಲ್ಲ ಅಂತ ಭಾಳ ಮಂದಿ ಹೇಳ್ತಾರ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಭಟ್ರು ಮುಂಜಾನೆ ತವಾ ಕಾದ ಮ್ಯಾಲೆ ಮೊದಲ ಒಂದು ಬೊಗಸಿ ನೀರು ಎಸೀತಾರ. ನೀರು ಚುರ್ ಅಂತ ಹರಡಿ ಆರಿ ಹೋತಂದ್ರ ಹಿಟ್ಟು ಹಾಕಬಹುದು, ಹನಿ ಮುತ್ತಿನಂಗ ದುಂಡಗ ಆಗಿ ಕುಣಕೋತ ಓಡಿದ್ವಂದ್ರ ತವಾ ಅತೀ ಕಾದೈತಿ ಅಂತ ಅರ್ಥ. ಸುಮಾರು 200 ಡಿಗ್ರಿ ಹತ್ರ ಹೋದಾಗ ಹನಿಯ ಕೆಳಗ ಉಗಿಯ ಒಂದು ಪದರ ಹುಟ್ಟಿ ಅದರ ಮ್ಯಾಲೆ ಹನಿ ತೇಲ್ತೈತಿ. 1756ರಾಗ ಲೈಡೆನ್‌ಫ್ರಾಸ್ಟ್ ಅನ್ನೂ ಜರ್ಮನ್ ಡಾಕ್ಟರ್ ಇದನ್ನ ಬರದಿಟ್ಟ, ನಮ್ಮ ಭಟ್ರಿಗೆ ಅವನ ಹೆಸರು ಗೊತ್ತಿಲ್ಲ, ಗೊತ್ತಿರೂ ಜರೂರೂ ಇಲ್ಲ. ಅಷ್ಟು ಕಾದ ತವಾದ ಮ್ಯಾಲೆ ಹಿಟ್ಟು ಹಾಕಿದ್ರ ಬಿದ್ದ ಜಾಗಾದಾಗನ ಬೆಂದು ಗಟ್ಟಿ ಆಗ್ತೈತಿ, ಸೌಟು ತಿರುವಿದ್ರ ಹರಡೂದು ಬಿಟ್ಟು ಮುದ್ದಿ ಮುದ್ದಿ ಎದ್ದು ಸೌಟಿನ ಸಂಗಾಟ ಬರ್ತೈತಿ. ಅದಕ ನೀರು ಹೊಡದು ತಣ್ಣಗ ಮಾಡೂದು. ಇನ್ನೊಂದು ಕಡೆ, ಆರು ದೋಸಿ ಅಂದ್ರ ಅರ್ಧ ಕಿಲೋದಷ್ಟು ಹಿಟ್ಟು, ಅದರಾಗ ಅರ್ಧಕ್ಕಿಂತ ಜಾಸ್ತಿ ನೀರು. ಕುದಿಯೂ ನೀರು ಒಂದು ಗ್ರಾಂ ಉಗಿ ಆಗಬೇಕಂದ್ರ ಸುಮಾರು 540 ಕ್ಯಾಲರಿ ಶಾಖ ಎಳಕೋತೈತಿ, ಅದೆಲ್ಲಾ ತವಾದಿಂದನ ಹೋಗೂದು. ಹಿಂಗಾಗಿ ಒಂದು ಸರತಿ ತೆಗದ ಮ್ಯಾಲೆ ತವಾಕ್ಕ ಉಸಿರು ತಗೊಳ್ಳಾಕ ಟೈಮ್ ಬೇಕು. ಗಡಿಬಿಡಿ ಮಾಡಿದ್ರ ದೋಸಿ ಬೆಳ್ಳಗ, ಮೆತ್ತಗ, ಕೆಳಗ ಹಿಡದು ಬರ್ತೈತಿ, ಗ್ಯಾಸ್ ಪೂರ್ತಿ ಬಿಟ್ರ ನಡುವ ಕರಕ್, ಅಂಚು ಹಸಿ.

ಇದನ್ನ ನಾ ಪುಸ್ತಕದಾಗ ಓದಿ ಕಲ್ತಿಲ್ಲ. ಹೊಸದಾಗಿ ಕೆಲಸಕ್ಕ ಸೇರಿದ ಒಂದು ಹೋಟೆಲ್, ಯಾವ ಊರು ಯಾವ ಹೆಸರು ಬ್ಯಾಡ, ಗಣಪತಿ ಹಬ್ಬದ ರವಿವಾರ, ಮಾಲಕರು ಬಂದವ್ರನ್ನ ಹೊಳ್ಳಿ ಕಳಸಬ್ಯಾಡ್ರಿ ಎಲ್ಲಾರನ್ನೂ ಕೂಡಸ್ರಿ ಅಂದ್ರು, ಹತ್ತು ನಿಮಿಷದಾಗ ಮೂವತ್ತು ಕೆಓಟಿ (ಕಿಚನ್ನಿಗೆ ಬರೂ ಆರ್ಡರ್ ಚೀಟಿ) ಬಂದು ಬಿದ್ವು, ನಾ ಅಂಜಿ ಗ್ಯಾಸ್ ಪೂರ್ತಿ ಬಿಟ್ಟೆ, ಮುಂದಿನ ಸರತಿ ಆರಕ್ಕ ಆರೂ ತವಾಕ್ಕ ಹಿಡದು ಕೂತ್ವು, ಕೆರಸಿ ಎಣ್ಣಿ ಹಚ್ಚಿ ಉಳ್ಳಾಗಡ್ಡಿ ತಿಕ್ಕಿ ತವಾ ಮತ್ತ ದಾರಿಗೆ ತರೂದ್ರಾಗ ಇಪ್ಪತ್ತು ನಿಮಿಷ ಹೋತು. ಹೊರಗ ಒಬ್ಬರು ಎದ್ದು ಸೀದಾ ಕಿಚನ್ ಒಳಗ ಬಂದು, "ನಮ್ಮ ಹುಡುಗ ಅಳಾಕತ್ತಾನ, ಏನರ ಕೊಡ್ರಿ" ಅಂತ ಕೈ ಮುಂದ ಮಾಡಿದ್ರು. ನಾ ಎರಡು ಇಡ್ಲಿ ಕೊಟ್ಟೆ, ಅವು ಯಾರ ಆರ್ಡರಿನವು ಅಂತ ಇವತ್ತಿಗೂ ಗೊತ್ತಿಲ್ಲ.

ಹಿಟ್ಟಿನ ವಿಷಯಾನೂ ಹಂಗ. ಆರ್ಡರ್ ಜಾಸ್ತಿ ಬಂದ್ವಂತ ಹನ್ನೊಂದು ಗಂಟೆಕ್ಕ ಹೊಸಾ ಹಿಟ್ಟು ಹುಟ್ಟೂದಿಲ್ಲ. ಉದ್ದು ಅಕ್ಕಿ ರುಬ್ಬಿಟ್ಟ ಮ್ಯಾಲೆ ಅದರಾಗಿನ ಬ್ಯಾಕ್ಟೀರಿಯಾ ಹುಳಿ ಮಾಡ್ತಾವ, ಗಾಳಿ ಬಿಟ್ಟು ಉಬ್ಬಸ್ತಾವ, ಅವಕ್ಕ ಬೆಚ್ಚಗಿದ್ರ ಕೆಲಸಾ, ಥಂಡಿ ಆದ್ರ ನಿದ್ದಿ. ಡಿಸೆಂಬರ್ದಾಗ ಬೆಳಗಾವಿ ಥಂಡಿ ನಿಮಗ ಗೊತ್ತೈತಿ, ಶನಿವಾರ ಮಧ್ಯಾಹ್ನನ ರುಬ್ಬಿ ಡಬ್ಬಿ ಒಲಿ ಬಾಜೂ ಇಡ್ತೀವಿ. ಮೇ ತಿಂಗಳದಾಗ ಅದ ಹಿಟ್ಟು ರಾತ್ರಿ ಹತ್ತಕ್ಕ ರುಬ್ಬಿದ್ರೂ ಮುಂಜಾನಿಗೆ ಡಬ್ಬಿ ಮುಚ್ಚಳಾ ಎತ್ತಿರ್ತೈತಿ. ಅಂದ್ರ ರವಿವಾರ ಎಷ್ಟು ಮಂದಿ ಬರ್ತಾರ ಅನ್ನೂ ಅಂದಾಜು ನಾವು ಶನಿವಾರನ ಕಟ್ಟಬೇಕು. ಹನ್ನೆರಡಕ್ಕ ದೋಸಿ ಮುಗೀತು ಅಂದ್ರ ಸೊಕ್ಕು ಅಂತ ತಿಳ್ಕೋಬ್ಯಾಡ್ರಿ, ಹಿಟ್ಟು ಖರೇನ ಮುಗದಿರ್ತೈತಿ.

ಇನ್ನ ನಿಮ್ಮ ಕೈಯಾಗ ಇರೂದು ಏನಪಾ ಅಂದ್ರ, ಎಲ್ಲಾ ಒಂದ ಒಲಿ ಮ್ಯಾಲೆ ಹೇಳಬ್ಯಾಡ್ರಿ. ಮಿಸಳ್ ಕಟ್, ಅಂದ್ರ ಅದರ ಖಾರದ ತೆಳು ರಸ್ಸಾ, ದೊಡ್ಡ ಪಾತೇಲಿಯೊಳಗ ಕುದಕೋತನ ಇರ್ತೈತಿ, ಮಟಕಿ ಹಾಕಿ ಕಟ್ ಸುರದು ಫರಸಾಣ ಉದರಸಿ ಪಾವ್ ಇಟ್ರ ಒಂದು ನಿಮಿಷದ ಕೆಲಸಾ. ಇಡ್ಲಿ ಒಂದ ಸ್ಟ್ಯಾಂಡಿನ್ಯಾಗ ಗುಂಪಾಗಿ ಬೇಯ್ತಾವ. ಪುರಿಗೆ ಬ್ಯಾರೆ ಕಡಾಯಿ, ಬ್ಯಾರೆ ಮನಷ್ಯಾ. ಮೊದಲ ಒಂದು ಮಿಸಳ್ ಒಂದು ಅವಲಕ್ಕಿ ನಡುವ ಇಟ್ಕೊಂಡು ಎಲ್ಲಾರೂ ಕೈ ಹಾಕ್ರಿ, ಅಷ್ಟ್ರಾಗ ದೋಸಿ ಬರ್ತೈತಿ. ದೋಸಿನೂ ಆದಷ್ಟು ಒಂದ ಥರದ್ದು ಹೇಳ್ರಿ. ನಾಲ್ಕು ಮಸಾಲಿ ಒಂದ ಸರತಿಗೆ ಬರ್ತಾವ, ಸೆಟ್ ದೋಸಿಗೆ ತವಾ ಮಂದ ಇರಬೇಕು ಮ್ಯಾಲೆ ಮುಚ್ಚಬೇಕು, ರವಾ ದೋಸಿ ತೆಳು ಹಿಟ್ಟು, ಸಾವಕಾಶ ಕಾಯಸಬೇಕು, ಇವು ಮೂರನ್ನೂ ಬಾಜೂ ಬಾಜೂ ಹಾಕಾಕ ಬರೂದಿಲ್ಲ. ಕೂಸು ಇದ್ರ, ವಯಸ್ಸಾದವ್ರು ಇದ್ರ, ಕೂತ ಕೂಡಲೇ ಸಪ್ಲೈಯರ್ ಹುಡುಗಗ ಹೇಳ್ರಿ, ಅವ ಕೆಓಟಿ ಮ್ಯಾಲೆ ಗೆರಿ ಹೊಡದು ಕಳಸ್ತಾನ, ಅದು ಮುಂದ ಹೋಗ್ತೈತಿ. ಸಾಧ್ಯ ಆದ್ರ ಒಂಬತ್ತಕ್ಕಿಂತ ಮೊದಲ ಬರ್ರಿ, ಆ ಹೊತ್ತಿನ ದೋಸಿನ ಬ್ಯಾರೆ, ಭಟ್ರಿಗೂ ಆಗ ಮನಸು ಇರ್ತೈತಿ.

ಚಟ್ನಿ ಬಗ್ಗೆ ಒಂದು ಮಾತು. ಕೊಬ್ಬರಿ ಚಟ್ನಿ ಎಲ್ಲಾಕ್ಕಿಂತ ಲಗೂ ಕೆಡೂದು. 5 ಡಿಗ್ರಿಯಿಂದ 60 ಡಿಗ್ರಿ ನಡುವ ಬ್ಯಾಕ್ಟೀರಿಯಾ ಜೋರ್ ಬೆಳೀತಾವ, ಗದ್ದಲದ ದಿನ ಬಕೇಟಗಟ್ಟಲೆ ಮಾಡಿ ಹೊರಗ ಇಡೂ ಹೋಟೆಲ್ ಇರ್ತಾವ, ಹುಳಿ ವಾಸನಿ ಬಂದ್ರ, ಸಣ್ಣ ಗುಳ್ಳಿ ಕಂಡ್ರ ಸಂಕೋಚ ಮಾಡಬ್ಯಾಡ್ರಿ, ವಾಪಸ್ ಕಳಸ್ರಿ. ಬಿಲ್ಲಿನ್ಯಾಗ ನಮ್ಮಂಥಾ ಹೋಟೆಲಿಗೆ ಜಿಎಸ್‌ಟಿ 5 ಪರ್ಸೆಂಟ್, ಅದು ಸರಕಾರದ್ದು. ಸರ್ವಿಸ್ ಚಾರ್ಜ್ ಅಂತ ಮ್ಯಾಲೆ ಹಚ್ಚಿದ್ರ ಅದು ಕಡ್ಡಾಯ ಅಲ್ಲ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈದಾಗನ ಹೇಳೈತಿ, 2025ರಾಗ ದಿಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡದೈತಿ. ಹುಡುಗಗ ಹತ್ತಿಪ್ಪತ್ತು ರೂಪಾಯಿ ಕೈಯಾಗ ಕೊಟ್ರ ಅದು ನಿಮ್ಮ ಖುಷಿ.

ಝೊಮ್ಯಾಟೊ ಸ್ವಿಗ್ಗಿ ಟ್ಯಾಬ್ ಹತ್ತರಿಂದ ಹನ್ನೆರಡು ಬಂದ್ ಇಡ್ತೀವಿ. ಮಾಲಕರಿಗೆ ಹೊಟ್ಟಿ ಉರಿತೈತಿ, ಆದ್ರ ಹೊರಗ ಖುರ್ಚಿ ಮ್ಯಾಲೆ ಕೂತವ್ರ ಕಣ್ಣ ಮುಂದ ಹತ್ತು ಪಾರ್ಸೆಲ್ ಹೊರಗ ಹೋದ್ರ ಅವ್ರು ಸುಮ್ನ ಇರ್ತಾರೇನು.

ಅಂದಂಗ ಆ ಕಾಕಾಗ ಹದಿನೆಂಟನೇ ನಿಮಿಷಕ್ಕ ಟೇಬಲ್ ಸಿಕ್ತು. ಕೂತ್ರು, ಕನ್ನಡಕ ಹಾಕ್ಕೊಂಡ್ರು, ಕೂಸಿನ ಬಾಯಾಗಿಂದ ಕಾರ್ಡು ಕಸಕೊಂಡು ಒರಸಿ ಓದಿದ್ರು. ಕಾಕುಗ ಸೆಟ್ ದೋಸಿ, ಮಗಗ ಮೈಸೂರ ಮಸಾಲಿ, ಸೊಸಿಗೆ ಉಳ್ಳಾಗಡ್ಡಿ ರವಾ, ಮಗಳಿಗೆ ಚೀಸ್ ದೋಸಿ, ತಮಗ ಎಣ್ಣಿ ಇಲ್ಲದ್ದು ಸಾದಾ, ಆದ್ರ ಗರಿಗರಿ ಆಗಬೇಕು ನೋಡು ತಮ್ಮಾ ಅಂದ್ರು. ಭಟ್ರು ಕೆಓಟಿ ಓದಿ ನನ್ನ ಕಡೆ ನೋಡಿದ್ರು, ನಾ ಏನೂ ಮಾತಾಡಲಿಲ್ಲ, ಒಂದು ಮಿಸಳ್ ಹಾಕಿಸಿ ಐದು ಚಮಚಾ ಇಟ್ಟು ಟೇಬಲಿಗೆ ಕಳಿಸಿದೆ.